ವಠಾರದ ಜಗಳ, ರೇಡಿಯೋದ ಹೆಸರು: ತುಮಕೂರಿನ ಒಂದು ನಿಶ್ಚಿತಾರ್ಥದ ಪ್ರಕರಣ

ನಿಶ್ಚಿತಾರ್ಥ ಕಾರ್ತಿಕ ಮಾಸದಲ್ಲಿ ಆಗಿತ್ತು. ಮಾಘದಲ್ಲಿ ಮದುವೆ ಅಂತ ಮಾತಾಗಿ, ತುಮಕೂರಿನಲ್ಲೇ ಒಂದು ಛತ್ರಕ್ಕೆ ಮುಂಗಡ ಕೊಟ್ಟಿದ್ದರು. ಧನುರ್ಮಾಸ ಶುರುವಾಗುವ ಹೊತ್ತಿಗೆ ಎರಡೂ ಮನೆಯವರು ಇದನ್ನು ಇಲ್ಲಿಗೇ ಬಿಟ್ಟುಬಿಡೋಣ ಅನ್ನುವ ಮಟ್ಟಕ್ಕೆ ಬಂದಿದ್ದರು. ಕಾರಣ ಕೇಳಿದರೆ ಎರಡೂ ಕಡೆಯಿಂದ ಒಂದೇ ಮಾತು: "ಮದುವೆಗೆ ಮುಂಚೆನೇ ಇಷ್ಟು ಜಗಳ ಆಡ್ತಾರೆ. ಮುಂದೆ ಹೇಗೆ ಬಾಳ್ತಾರೆ?"

ನಾನು ತುಮಕೂರಿನಲ್ಲಿ ಕೌಟುಂಬಿಕ ಸಮಾಲೋಚನೆ ಮಾಡುತ್ತೇನೆ. ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಜನ ಮದುವೆಯಾಗಿ ಕೆಲವು ವರ್ಷ ಕಳೆದವರು. ಮದುವೆಗೆ ಮುಂಚೆ ಬರುವವರು ಕಡಿಮೆ. ಈ ಪ್ರಕರಣವನ್ನು ಹುಡುಗನ ಸೋದರಮಾವ ನನ್ನ ಹತ್ತಿರ ತಂದರು. ಎರಡೂ ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರುಗಳನ್ನು, ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ.

ಹುಡುಗಿ ತುಮಕೂರಿನವಳು. ಖಾಸಗಿ ಶಾಲೆಯಲ್ಲಿ ಟೀಚರ್. ಹುಡುಗ ತಿಪಟೂರಿನ ಕಡೆಯವನು. ಅಪ್ಪನದು ತೆಂಗಿನ ತೋಟ. ಅವನಿಗೆ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕೆಲಸ. ವಾರವಿಡೀ ಬೆಂಗಳೂರಿನ ರೂಮಿನಲ್ಲಿ ಇರುತ್ತಾನೆ, ಶನಿವಾರ ರಾತ್ರಿ ಊರಿಗೆ ಹೋಗುತ್ತಾನೆ. ಜಾತಕ ಕೂಡಿತ್ತು. ಹೆಣ್ಣು ನೋಡುವ ದಿನ ಇಬ್ಬರೂ ಹೆಚ್ಚು ಮಾತಾಡಿರಲಿಲ್ಲ. ಆಮೇಲೆ ವಾಟ್ಸಾಪಿನಲ್ಲಿ ಮಾತು ಬೆಳೆಯಿತು. ಬೆಳಗ್ಗೆ ಶುಭೋದಯ, ಮಧ್ಯಾಹ್ನ ಊಟ ಆಯ್ತಾ, ರಾತ್ರಿ ಉದ್ದುದ್ದ ಮೆಸೇಜು. ಬರವಣಿಗೆಯಲ್ಲಿ ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ತುಂಬ ಇಷ್ಟ. ಫೋನಿನಲ್ಲಿ ಮಾತಾಡಿದರೆ ಮಾತ್ರ ಜಗಳ.

ಜಗಳ ಎರಡು ವಿಷಯಕ್ಕೆ. ಒಂದು, ಸಂಜೆ ಶಿಫ್ಟ್ ಮುಗಿಸಿ ಅವನು ಫೋನ್ ಮಾಡಿದಾಗ ಅವಳು ಎತ್ತುತ್ತಿರಲಿಲ್ಲ. ಎರಡು, ಮದುವೆಯಾದ ಮೇಲೆ ಮನೆ ಎಲ್ಲಿ ಮಾಡುವುದು. ಅವಳು ತುಮಕೂರು ಅನ್ನುತ್ತಿದ್ದಳು. ಅವನ ಅಮ್ಮ, ಸೊಸೆ ಒಂದು ವರ್ಷವಾದರೂ ತಿಪಟೂರಿನಲ್ಲಿ ತಮ್ಮ ಜೊತೆ ಇರಲಿ ಅನ್ನುತ್ತಿದ್ದರು. ಅವನು ಏನನ್ನೂ ಸ್ಪಷ್ಟವಾಗಿ ಹೇಳುತ್ತಿರಲಿಲ್ಲ. "ಆಮೇಲೆ ನೋಡೋಣ" ಅನ್ನುತ್ತಿದ್ದ. ಆ ಒಂದು ಮಾತಿಗೆ ಅವಳು ಸಿಡಿಯುತ್ತಿದ್ದಳು.

ಮೊದಲು ಕೇಳಬೇಕಾದ್ದು

ಜಗಳ ಅಂದ ತಕ್ಷಣ ರಾಜಿ ಮಾಡಿಸಲು ನಾನು ಕೂರುವುದಿಲ್ಲ. ಮೊದಲು ಹುಡುಗಿಯನ್ನು ಒಬ್ಬಳನ್ನೇ ಕೂರಿಸಿಕೊಂಡು ಮಾತಾಡುತ್ತೇನೆ, ಆಮೇಲೆ ಹುಡುಗನನ್ನು. ಅವಳನ್ನು ಕೇಳಿದ್ದು ಇಷ್ಟು. ಅವನು ಕೆಟ್ಟ ಮಾತು ಬೈಯುತ್ತಾನಾ? ನಿನ್ನ ಫೋನಿನ ಪಾಸ್‌ವರ್ಡ್ ಕೇಳಿದ್ದಾನಾ? ಯಾರ ಜೊತೆ ಮಾತಾಡಿದೆ ಅಂತ ಲೆಕ್ಕ ಕೇಳುತ್ತಾನಾ? ಹಣದ ಮಾತು, ಬಂಗಾರದ ಮಾತು ಬಂದಿದೆಯಾ? ಅವನ ಫೋನ್ ಬಂದಾಗ ನಿನಗೆ ಹೆದರಿಕೆ ಆಗುತ್ತಾ?

"ಹೆದರಿಕೆ ಇಲ್ಲ ಮೇಡಂ, ಕೋಪ ಬರುತ್ತೆ" ಅಂದಳು. ಜಗಳ ಆದ ಮೇಲೆ ಯಾರು ಮೊದಲು ಮಾತಾಡಿಸುತ್ತೀರಿ ಅಂತ ಕೇಳಿದೆ. "ಒಂದ್ಸಲ ಅವರು, ಒಂದ್ಸಲ ನಾನು" ಅಂದಳು. ಇದು ನನಗೆ ಮುಖ್ಯವಾದ ಉತ್ತರ. ಒಬ್ಬರೇ ಯಾವಾಗಲೂ ಸೋಲುತ್ತಿದ್ದರೆ, ಅಥವಾ ಒಬ್ಬರಿಗೆ ಭಯ ಇದ್ದರೆ, ನಾನು ಮದುವೆ ಉಳಿಸುವ ಕೆಲಸಕ್ಕೇ ಕೈಹಾಕುತ್ತಿರಲಿಲ್ಲ. ನಿಶ್ಚಿತಾರ್ಥ ಮುರಿಯುವುದು ಅವಮಾನ ಅಂತ ತಿಳಿದು ಹೆಣ್ಣುಮಕ್ಕಳನ್ನು ಭಯದ ಮನೆಗೆ ಕಳಿಸಿದ್ದನ್ನು ನೋಡಿದ್ದೇನೆ. ಛತ್ರದ ಮುಂಗಡ ಹೋದರೆ ಹೋಗಲಿ. ಇದನ್ನು ಓದುವ ಅಪ್ಪ ಅಮ್ಮಂದಿರಿಗೆ ಈ ಮಾತು ಮೊದಲು ತಲುಪಬೇಕು.

ಇಲ್ಲಿ ಭಯ ಇರಲಿಲ್ಲ. ಆದರೆ ಇಬ್ಬರೂ ಏನೋ ಮುಚ್ಚಿಡುತ್ತಿದ್ದಾರೆ ಅನ್ನಿಸಿತು. ಮನೆಯವರ ಎದುರಿಗೆ, ಸಂಜೆ ಫೋನ್ ಯಾಕೆ ಎತ್ತಲ್ಲ ಅಂದರೆ ಹುಡುಗಿ ಅಮ್ಮನ ಮುಖ ನೋಡುತ್ತಿದ್ದಳು. ಮನೆ ವಿಷಯ ಯಾಕೆ ಮುಂದೂಡುತ್ತೀಯ ಅಂದರೆ ಹುಡುಗ ನೆಲ ನೋಡುತ್ತಿದ್ದ.

ಸಿನಿಮಾ ಬಂದ ದಾರಿ

ಎರಡೂ ಮನೆಯ ಹಿರಿಯರನ್ನು ಸೇರಿಸಿ ಕೂರಿಸಿದ ದಿನ ಮಾತು ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ. ಎಲ್ಲರೂ ಬಹಳ ಮರ್ಯಾದೆಯಿಂದ, ಬಹಳ ಬಿಗುವಾಗಿ ಮಾತಾಡುತ್ತಿದ್ದರು. "ತಪ್ಪು ತಿಳ್ಕೋಬೇಡಿ ಬೀಗ್ರೇ" ಅಂತ ಶುರುವಾದ ಪ್ರತಿ ಮಾತೂ ತಪ್ಪು ತಿಳಿಯುವಂತೆಯೇ ಮುಗಿಯುತ್ತಿತ್ತು. ಆಗ ಹುಡುಗಿಯ ಅಪ್ಪ ಬೇಸತ್ತು, "ಇವರಿಬ್ರೂ ಗಣೇಶನ ಮದುವೆ ಸಿನಿಮಾದ ಗಣೇಶ, ಆದಿಲಕ್ಷ್ಮಿ ಇದ್ದ ಹಾಗೆ ಕಣ್ರೀ. ಕಾಗದದಲ್ಲಿ ಪ್ರೀತಿ, ಎದುರಿಗೆ ಜಗಳ" ಅಂದರು. ಎಲ್ಲರೂ ನಕ್ಕರು. ಹುಡುಗನ ಅಮ್ಮ ಕೂಡ. ಇಷ್ಟು ಹೊತ್ತು ಸೆಟೆದು ಕೂತಿದ್ದ ಜನ ಕುರ್ಚಿಗೆ ಒರಗಿದರು.

ಆ ನಗುವನ್ನು ಬಿಡಬಾರದು ಅನ್ನಿಸಿತು. ಧನುರ್ಮಾಸವಾದ್ದರಿಂದ ಹೇಗೂ ಶುಭಕಾರ್ಯದ ಮಾತು ನಿಂತಿತ್ತು. "ಸುಮ್ನೆ ಒಂದು ಭಾನುವಾರ ಎಲ್ಲರೂ ಕೂತು ಆ ಸಿನಿಮಾ ನೋಡೋಣ್ವಾ?" ಅಂದೆ. ಹುಡುಗಿಯ ಮನೆಯಲ್ಲೇ ಅಂತ ಆಯಿತು.

ಸಿನಿಮಾ ನೋಡದವರಿಗೆ ಸ್ವಲ್ಪ ಹೇಳಬೇಕು. 'ಗಣೇಶನ ಮದುವೆ' 1990ರಲ್ಲಿ ಬಂದ ಹಾಸ್ಯಚಿತ್ರ. ನಿರ್ದೇಶನ ಫಣಿ ರಾಮಚಂದ್ರ ಅವರದು, ಸಂಗೀತ ರಾಜನ್-ನಾಗೇಂದ್ರ ಅವರದು. ಅನಂತ್ ನಾಗ್ ಗಣೇಶ, ವಿನಯಾ ಪ್ರಸಾದ್ ಆದಿಲಕ್ಷ್ಮಿ. ಕಥೆ ನಡೆಯುವುದು ಒಂದು ವಠಾರದಲ್ಲಿ. ಗಣೇಶ ಅಲ್ಲಿ ಬಾಡಿಗೆಗೆ ಇರುವವನು. ಆದಿಲಕ್ಷ್ಮಿ ವಠಾರದ ಮಾಲೀಕನ ಮಗಳು. ಆ ಮಾಲೀಕನಾಗಿ ಮುಖ್ಯಮಂತ್ರಿ ಚಂದ್ರು. ಗಣೇಶನಿಗೂ ಆದಿಲಕ್ಷ್ಮಿಗೂ ಎದುರು ಬದುರಾದರೆ ಜಗಳ. ಆದರೆ ಅವಳು ಶ್ರುತಿ ಅನ್ನುವ ಹೆಸರಿನಲ್ಲಿ ರೇಡಿಯೋದಲ್ಲಿ ಹಾಡುತ್ತಾಳೆ. ಆ ದನಿಗೆ ಮನಸೋತ ಗಣೇಶ ವೈ.ಜಿ. ರಾವ್ ಅನ್ನುವ ಹೆಸರಿನಲ್ಲಿ ಅವಳಿಗೆ ಕಾಗದ ಬರೆಯುತ್ತಾನೆ. ಅವಳಿಂದ ಉತ್ತರ ಬರುತ್ತದೆ. ಕಾಗದದಲ್ಲಿ ಪ್ರೀತಿ ಬೆಳೆಯುತ್ತದೆ. ಬರೆಯುತ್ತಿರುವುದು ತಾನು ದಿನಾ ಜಗಳವಾಡುವ ಆಸಾಮಿಗೇ ಅಂತ ಇಬ್ಬರಿಗೂ ಗೊತ್ತಿಲ್ಲ. ಚಿತ್ರ ಗೆದ್ದಿತು. ಮರುವರ್ಷ ಅದೇ ನಿರ್ದೇಶಕರು ಅನಂತ್ ನಾಗ್ ಅವರನ್ನೇ ಇಟ್ಟುಕೊಂಡು 'ಗೌರಿ ಗಣೇಶ' ಮಾಡಿದರು. ಇವತ್ತಿಗೂ ಟಿವಿಯಲ್ಲಿ ಬಂದರೆ ಚಾನೆಲ್ ಬದಲಿಸದೆ ಕೂತು ನೋಡುವ ಮನೆಗಳಿವೆ.

ಇಷ್ಟೇ ಕಥೆಯಾದರೂ ಇದರಲ್ಲಿ ನನಗೆ ಕೆಲಸಕ್ಕೆ ಬರುವ ವಿಷಯ ಇತ್ತು. ನೋಡಿದವರು ಸಾಮಾನ್ಯವಾಗಿ ಹೇಳುವುದು, ವಠಾರದ ಜಗಳ ಮೇಲುಮೇಲಿನದು, ಕಾಗದದ ಪ್ರೀತಿ ನಿಜವಾದ್ದು ಅಂತ. ನನಗೆ ಹಾಗೆ ಕಾಣುವುದಿಲ್ಲ. ಕಾಗದ ಬರೆಯುವಾಗ ಮನುಷ್ಯ ತಾನು ಹೇಗಿರಬೇಕು ಅಂದುಕೊಂಡಿದ್ದಾನೋ ಹಾಗೆ ಬರೆಯುತ್ತಾನೆ. ಅದು ಸುಳ್ಳಲ್ಲ, ಅವನ ಆಸೆ ಅದು. ಆದರೆ ನಲ್ಲಿ ನೀರಿಗೆ, ಬಾಡಿಗೆಗೆ, ರಾತ್ರಿ ಬಾಗಿಲು ತೆಗೆಯುವುದಕ್ಕೆ ಜಗಳ ಬಂದಾಗ ಅವನು ಹೇಗಿದ್ದಾನೋ ಅದು ಕಾಣುತ್ತದೆ. ಎಷ್ಟು ಬೇಗ ಸಿಟ್ಟು ಬರುತ್ತೆ, ಎಷ್ಟು ಬೇಗ ಇಳಿಯುತ್ತೆ, ಬೈಯುವಾಗಲೂ ಯಾವ ಮಾತು ಆಡುವುದಿಲ್ಲ. ಗಣೇಶ, ಆದಿಲಕ್ಷ್ಮಿ ಇಬ್ಬರಿಗೂ ಇವೆರಡೂ ಗೊತ್ತಿದ್ದವು, ಬೇರೆ ಬೇರೆ ಹೆಸರಿನಲ್ಲಿ. ಅದಕ್ಕೇ ಅವರ ಮದುವೆಯನ್ನು ನಂಬಬಹುದು ಅನ್ನಿಸುತ್ತದೆ. ಬರೀ ಕಾಗದ ನಂಬಿ ಆಗುವ ಮದುವೆಯ ಬಗ್ಗೆ ನನಗೆ ಜಾಸ್ತಿ ಚಿಂತೆ.

ಈ ಎರಡು ಮನೆಯವರಿಗೆ ಹೇಳಬೇಕಾದ್ದೂ ಇದೇ ಆಗಿತ್ತು. ನಿಮ್ಮ ಮಕ್ಕಳು ಜಗಳವಾಡುತ್ತಿದ್ದಾರೆ ಅಂದರೆ ಪರಿಚಯ ಈಗ ತಾನೇ ಶುರುವಾಗಿದೆ ಅಂತ. ನಾನು ಹೇಳಿದರೆ ಉಪದೇಶ ಆಗುತ್ತಿತ್ತು.

ಆ ಭಾನುವಾರ

ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ತರಿಸಿದ್ದರು. ಫೋನಿನಿಂದ ಟಿವಿಗೆ ಸಿನಿಮಾ ಹಾಕಿದರು. ಹುಡುಗಿಯ ಅಜ್ಜಿ ಮೂಲತಃ ತಿಪಟೂರಿನವರು. ಅವರು ಶುರುವಿಗೇ ಒಂದು ತಕರಾರು ತೆಗೆದರು: "ನಗಿಸೋದು ಅಂದ್ರೆ ನಮ್ಮೂರ ನರಸಿಂಹರಾಜು. ಅವನ ಸಿನಿಮಾ ಹಾಕ್ರೋ." ಬೇಡರ ಕಣ್ಣಪ್ಪದಿಂದ, ಅಂದರೆ 1954ರಿಂದ, ಕನ್ನಡ ಸಿನಿಮಾವನ್ನು ನಗಿಸುತ್ತಾ ಬಂದ ಟಿ.ಆರ್. ನರಸಿಂಹರಾಜು ತಿಪಟೂರಿನಲ್ಲಿ ಹುಟ್ಟಿದವರು. ಹುಡುಗನ ಅಪ್ಪ ತಕ್ಷಣ, "ಹೌದು ಕಣಮ್ಮ, ನಮ್ಮೂರೋರು" ಅಂದರು. ಬೀಗರ ನಡುವೆ ಅವತ್ತು ಮೊದಲು ಆದ ಒಪ್ಪಂದ ಅದು. ಇದನ್ನು ನಾನು ಯೋಜನೆ ಮಾಡಿರಲಿಲ್ಲ. ಆದರೆ ಇಂಥ ಸಣ್ಣ ಮಾತುಗಳು ಎಷ್ಟು ಕೆಲಸ ಮಾಡುತ್ತವೆ ಅಂದರೆ, ಮುಂದಿನ ಎರಡು ಗಂಟೆ ಅಜ್ಜಿಯೂ ಹುಡುಗನ ಅಪ್ಪನೂ ಅಕ್ಕಪಕ್ಕ ಕೂತು ಹಳೇ ನಾಟಕ ಕಂಪನಿಗಳ ಮಾತಾಡಿಕೊಂಡೇ ಸಿನಿಮಾ ನೋಡಿದರು.

ನಾನು ಎಲ್ಲರಿಗೂ ಒಂದೇ ಕೆಲಸ ಹೇಳಿದ್ದೆ. ಎಲ್ಲಿ ನಗು ಬಂತು, ಎಲ್ಲರೂ ನಕ್ಕಾಗಲೂ ನಿಮಗೆ ಎಲ್ಲಿ ನಗು ಬರಲಿಲ್ಲ, ಅದನ್ನು ನೆನಪಿಟ್ಟುಕೊಳ್ಳಿ ಅಂತ. ಮುಖ್ಯವಾದ್ದು ಎರಡನೆಯ ಪ್ರಶ್ನೆ. ತಮ್ಮ ಮನೆ ವಿಷಯ ನೇರವಾಗಿ ಮಾತಾಡಲು ಜನ ಹಿಂಜರಿಯುತ್ತಾರೆ. ಪರದೆ ಮೇಲಿನವರ ವಿಷಯ ಆದರೆ ಧೈರ್ಯವಾಗಿ ಮಾತಾಡುತ್ತಾರೆ.

ಹುಡುಗಿಯ ಅಪ್ಪ ಮಾಲೀಕನ ಪಾತ್ರಕ್ಕೆ ಹೊಟ್ಟೆ ಹಿಡಿದು ನಕ್ಕರು. ಅವರು ಚಿಕ್ಕವರಿದ್ದಾಗ ಇಂಥದ್ದೇ ಒಂದು ವಠಾರದಲ್ಲಿ ಬೆಳೆದವರಂತೆ. ಒಂದು ನಲ್ಲಿ, ಒಂದು ಬಚ್ಚಲು, ಎಲ್ಲ ಮನೆಯವರೂ ಸರದಿ. ಯಾರ ಮನೆಯಲ್ಲಿ ಏನು ಸಾರು, ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ, ಎಲ್ಲ ಎಲ್ಲರಿಗೂ ಗೊತ್ತು. "ಆಗ ಹೆಣ್ಣು ಕೊಡೋ ಮುಂಚೆ ವಿಚಾರಿಸೋದು ಕಷ್ಟವೇ ಇರ್ಲಿಲ್ಲ. ಪಕ್ಕದ ಮನೆಯವರನ್ನ ಕೇಳಿದ್ರೆ ಸಾಕು, ಹುಡುಗ ಎಷ್ಟು ಹೊತ್ತಿಗೆ ಮನೆಗೆ ಬರ್ತಾನೆ, ಅಮ್ಮನ ಜೊತೆ ಹೇಗೆ ಮಾತಾಡ್ತಾನೆ, ಎಲ್ಲ ಹೇಳೋರು" ಅಂದರು. ನನಗೆ ಬಹಳ ಸರಿ ಅನ್ನಿಸಿದ ಮಾತು. ಈಗ ಹುಡುಗ ಬೆಂಗಳೂರಿನ ರೂಮಿನಲ್ಲಿ, ಹುಡುಗಿ ಇಲ್ಲಿ. ಪಕ್ಕದ ಮನೆಯವರಿಗೆ ಹೆಸರೂ ಗೊತ್ತಿರುವುದಿಲ್ಲ. ಉಳಿದಿರುವುದು ಕಾಗದ ಮಾತ್ರ, ಅದೂ ಫೋನಿನ ಪರದೆ ಮೇಲೆ.

ಹುಡುಗನ ಅಮ್ಮನಿಗೆ ಒಂದು ವಿಷಯಕ್ಕೆ ನಗು ಬಂದಿರಲಿಲ್ಲ. "ಆ ಹುಡುಗಿ ಹಾಡ್ತಾಳೆ, ಚೆನ್ನಾಗೇ ಹಾಡ್ತಾಳೆ. ತನ್ನ ಹೆಸರಲ್ಲೇ ಹಾಡಿದ್ರೆ ಏನಾಗ್ತಿತ್ತು? ಇಷ್ಟೆಲ್ಲ ರಾಮಾಯಣನೇ ಆಗ್ತಿರ್ಲಿಲ್ಲ. ಬೇರೆ ಹೆಸರು ಯಾಕೆ ಇಟ್ಕೊಂಡ್ಲು?" ಅಂತ ಕೇಳಿದರು. ಅವರು ಯಾವ ಚುಚ್ಚು ಮಾತೂ ಇಲ್ಲದೆ, ನಿಜವಾಗಿ ತಿಳಿಯದೆ ಕೇಳಿದ್ದು.

ಎಲ್ಲರೂ ಸುಮ್ಮನಾದರು. ಹುಡುಗಿ ಅಮ್ಮನ ಕಡೆ ನೋಡಿದಳು. ಅಮ್ಮ ಬೇಡ ಅನ್ನುವಂತೆ ತಲೆ ಆಡಿಸಿದರು. ಹುಡುಗಿ ಆದರೂ ಹೇಳಿದಳು.

"ಅತ್ತೆ, ನಾನು ಕೆಎಎಸ್‌ಗೆ ಓದ್ತಾ ಇದೀನಿ. ಸಂಜೆ ಸ್ಕೂಲು ಮುಗಿದ ಮೇಲೆ ಲೈಬ್ರರಿಗೆ ಹೋಗ್ತೀನಿ. ಅಲ್ಲಿ ಫೋನ್ ಎತ್ತೋಕೆ ಆಗಲ್ಲ. ಅದಕ್ಕೇ ಜಗಳ ಆಗ್ತಿರೋದು."

ಅವಳ ಅಮ್ಮ ಆಮೇಲೆ ಕಾರಣ ಹೇಳಿದರು. ಹಿಂದೆ ಒಂದು ಸಂಬಂಧ ಇದೇ ವಿಷಯಕ್ಕೆ ತಪ್ಪಿ ಹೋಗಿತ್ತು. ಓದುವ ಹುಡುಗಿ, ನಾಳೆ ಅಧಿಕಾರಿ ಆದರೆ ಯಾವ ಊರಿಗೆ ಪೋಸ್ಟಿಂಗ್ ಆಗುತ್ತೋ, ನಮ್ಮ ಮಾತು ಕೇಳುತ್ತಾಳೋ ಇಲ್ಲವೋ ಅಂತ ಗಂಡಿನ ಕಡೆಯವರು ಹಿಂದೇಟು ಹಾಕಿದ್ದರು. ಅದಕ್ಕೆ ಈ ಸಲ "ಮದುವೆ ಆಗ್ಲಿ, ಆಮೇಲೆ ಹೇಳಿದ್ರಾಯ್ತು" ಅಂತ ಮಗಳ ಬಾಯಿ ಕಟ್ಟಿದ್ದರು. ನಾನು ಅವರನ್ನು ದೂರುವುದಿಲ್ಲ. ಒಮ್ಮೆ ಪೆಟ್ಟು ತಿಂದ ತಾಯಿ ಅವರು. ಆದರೆ ಇದರ ಭಾರವೆಲ್ಲ ಮಗಳ ಮೇಲೆ ಬಿತ್ತು. ಅವನು "ನಿಂಗೆ ನನ್ನ ಜೊತೆ ಮಾತಾಡೋಕೆ ಇಷ್ಟ ಇಲ್ವಾ?" ಅಂತ ಕೇಳಿದಾಗಲೆಲ್ಲ ಅವಳು ಸುಳ್ಳು ನೆಪ ಹುಡುಕಬೇಕಿತ್ತು. ಸುಳ್ಳು ಹೇಳಿ ಅಭ್ಯಾಸ ಇಲ್ಲದವಳು. ತನ್ನ ಮೇಲೆ ತನಗೇ ಬಂದ ಸಿಟ್ಟನ್ನು ಅವನ ಮೇಲೆ ತೀರಿಸುತ್ತಿದ್ದಳು.

ಹುಡುಗ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಕೇಳಿದ್ದು, "ಪ್ರಿಲಿಮ್ಸ್ ಯಾವಾಗ?" ಅಂತ. ನಾನು ಆ ಪ್ರಶ್ನೆಯನ್ನು ನನ್ನ ಟಿಪ್ಪಣಿಯಲ್ಲಿ ಅಡಿಗೆರೆ ಹಾಕಿ ಬರೆದುಕೊಂಡೆ. ಯಾಕೆ ಮುಚ್ಚಿಟ್ಟೆ ಅಂತಲೂ ಕೇಳಬಹುದಿತ್ತು. ಕೇಳುವ ಹಕ್ಕೂ ಅವನಿಗಿತ್ತು. ಅದನ್ನು ಆಮೇಲೆ, ಅವಳೊಬ್ಬಳೇ ಇದ್ದಾಗ ಕೇಳಿದ ಅಂತ ತಿಳಿಯಿತು. ಹಿರಿಯರ ಮುಂದೆ ಕೇಳಲಿಲ್ಲ.

ಪರೀಕ್ಷೆಯ ವಿಷಯ ಹಿರಿಯರಿಗೆ ಬಿಡಿಸಿ ಹೇಳಬೇಕಾಯಿತು. ಪ್ರಿಲಿಮ್ಸ್‌ನಲ್ಲಿ ಎರಡು ಪತ್ರಿಕೆ, ಒಂದೊಂದಕ್ಕೆ 200 ಅಂಕ. ಅದು ಪಾಸಾದರೆ ಮುಖ್ಯ ಪರೀಕ್ಷೆ, ಆಮೇಲೆ ಸಂದರ್ಶನ. ಅಧಿಸೂಚನೆ ಬಂದಾಗಿನಿಂದ ಕೊನೆಯ ಪಟ್ಟಿ ಬರುವವರೆಗೆ ವರ್ಷಗಟ್ಟಲೆ ಆಗುವುದೂ ಉಂಟು. ಹಾಗಾಗಿ "ಒಂದು ವರ್ಷ ತಿಪಟೂರಿನಲ್ಲಿ ಇದ್ದು ಆಮೇಲೆ ಓದ್ಲಿ" ಅನ್ನುವುದು ಅವಳಿಗೆ ಸಣ್ಣ ಹೊಂದಾಣಿಕೆ ಆಗಿರಲಿಲ್ಲ. ಲೈಬ್ರರಿ, ಜೊತೆಗೆ ಓದುವ ಗೆಳತಿಯರು, ಶಾಲೆಯ ಕೆಲಸ ಎಲ್ಲ ತುಮಕೂರಿನಲ್ಲೇ ಇತ್ತು. ಇದು ಗೊತ್ತಾದ ಮೇಲೆ ಹುಡುಗನ ಅಮ್ಮನಿಗೆ ಅವಳ ಹಟದ ಅರ್ಥ ಆಯಿತು. ಒಪ್ಪಿದರು ಅಂತ ಅಲ್ಲ. ಸೊಸೆಗೆ ತಮ್ಮ ಮನೆ ಇಷ್ಟವಿಲ್ಲ ಅಂತ ಅಂದುಕೊಂಡಿದ್ದು ಮಾತ್ರ ಹೋಯಿತು. ಅವರ ನೋವು ಇದ್ದದ್ದು ಅಲ್ಲೇ.

ಸಂಕ್ರಾಂತಿಯಲ್ಲಿ ಬಂದ ಇನ್ನೊಂದು ಜಗಳ

ಇಲ್ಲಿಗೆ ಸರಿಹೋಯಿತು ಅಂತ ಎಲ್ಲರೂ ಅಂದುಕೊಂಡರು. ನಾನು ಅಂದುಕೊಂಡಿರಲಿಲ್ಲ, ಯಾಕೆಂದರೆ ಹುಡುಗ ಇನ್ನೂ ನೆಲ ನೋಡುತ್ತಲೇ ಇದ್ದ. ಮನೆ ಬಾಡಿಗೆಯ ಮಾತು ಬಂದಾಗ "ಆಮೇಲೆ ನೋಡೋಣ" ಬಿಟ್ಟಿರಲಿಲ್ಲ. ಅವತ್ತು ಅವನನ್ನು ಒತ್ತಿ ಕೇಳಲಿಲ್ಲ. ಒಂದೇ ದಿನ ಎರಡು ಬಾಗಿಲು ತೆಗೆಸುವುದು ಬೇಡ ಅನ್ನಿಸಿತ್ತು.

ಸಂಕ್ರಾಂತಿಗೆ ಹುಡುಗನ ಮನೆಯವರು ಎಳ್ಳು ಬೆಲ್ಲ, ಕಬ್ಬು, ಸೀರೆ ತಗೊಂಡು ಬರುವುದಿತ್ತು. ಅದಕ್ಕೆ ಸ್ವಲ್ಪ ಮುಂಚೆ ಹುಡುಗಿಯ ಅಪ್ಪನಿಗೆ ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲಿ ಪರಿಚಯದವರೊಬ್ಬರು ಸಿಕ್ಕಿ ಒಂದು ಸುದ್ದಿ ಹೇಳಿದರು. ಬೀಗರು ತೋಟಕ್ಕೆ ಬೋರ್‌ವೆಲ್ ಕೊರೆಸಿ, ನೀರು ಸಿಗದೆ ಮತ್ತೆ ಕೊರೆಸಿ, ಸಾಲ ಮಾಡಿಕೊಂಡಿದ್ದಾರೆ, ಮಗನ ಸಂಬಳದಲ್ಲಿ ಅರ್ಧ ಅದಕ್ಕೇ ಹೋಗುತ್ತೆ ಅಂತ. ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆಯ ತೆಂಗಿನ ತೋಟದವರಿಗೆ ಇದು ಹೊಸ ಕಥೆಯಲ್ಲ. ಮಳೆ ಕೈಕೊಟ್ಟರೆ ಮರ ಉಳಿಸಿಕೊಳ್ಳಲು ಬೋರ್ ಒಂದೇ ದಾರಿ. ತೆಂಗಿನ ಮರ ಒಣಗಿದರೆ ಮತ್ತೆ ಸಸಿ ಇಟ್ಟು ಫಲ ನೋಡಲು ವರ್ಷಗಳು ಬೇಕು. ಆದರೆ ಹೆಣ್ಣಿನ ಅಪ್ಪನಿಗೆ ಕೇಳಿಸಿದ್ದು ಸಾಲ ಅನ್ನುವ ಒಂದೇ ಮಾತು. "ನಮ್ಮ ಹುಡುಗಿ ಓದೋದನ್ನ ಮುಚ್ಚಿಟ್ಟಿದ್ದು ತಪ್ಪು ಅಂದ್ರು. ಇವರು ಮುಚ್ಚಿಟ್ಟಿದ್ದು ಏನು ಮತ್ತೆ?" ಅಂತ ಫೋನಿನಲ್ಲೇ ಕೂಗಾಡಿದರು. ಮೂರನೆಯವರ ಬಾಯಿಂದ ಬಂದದ್ದೇ ಅವರಿಗೆ ಜಾಸ್ತಿ ಉರಿಸಿತ್ತು.

ಹುಡುಗನನ್ನು ಕೇಳಿದಾಗ ಹೇಳಿದ್ದು ಹೀಗೆ. ಸಾಲದ ಮಾತು ಎತ್ತಬೇಡ ಅಂತ ಅಮ್ಮ ಹೇಳಿದ್ದರು. ತುಮಕೂರಿನಲ್ಲಿ ಮನೆ ಮಾಡಿದರೆ ಮುಂಗಡ, ಬಾಡಿಗೆ, ಸಾಮಾನು ಎಲ್ಲಕ್ಕೂ ದುಡ್ಡು ಬೇಕು. ಇಲ್ಲ ಅನ್ನಲು ನಾಚಿಕೆ, ಹೂಂ ಅನ್ನಲು ಧೈರ್ಯ ಇಲ್ಲ. ಅದಕ್ಕೆ ಆಮೇಲೆ ನೋಡೋಣ.

ಈ ಸಲ ನಾನು ಏನೂ ಮಾಡಬೇಕಾಗಲಿಲ್ಲ. ಹುಡುಗಿಯೇ ಅಪ್ಪನಿಗೆ ಹೇಳಿದಳು: "ಅಪ್ಪಾ, ಅವತ್ತು ನಾನು ಹೇಳಿದಾಗ ಅವರು ಎಲ್ಲರ ಮುಂದೆ ನನ್ನ ಮರ್ಯಾದೆ ಉಳಿಸಿದ್ರು. ಈಗ ನಾವು ಉಳಿಸಬೇಕು. ಸಾಲ ಎಷ್ಟು, ಎಷ್ಟು ವರ್ಷಕ್ಕೆ ತೀರುತ್ತೆ, ಅದನ್ನ ಕೇಳು. ಬೈಬೇಡ." ಅಪ್ಪ ಕೇಳಿದರು. ಹುಡುಗ ಬ್ಯಾಂಕಿನ ಪಾಸ್‌ಬುಕ್, ಕಂತಿನ ಲೆಕ್ಕ ಎಲ್ಲ ತಂದು ತೋರಿಸಿದ. ಲೇವಾದೇವಿಯವರ ಸಾಲ ಇರಲಿಲ್ಲ, ಎಲ್ಲ ಬ್ಯಾಂಕಿನದೇ. ಕಂತು ತಪ್ಪಿರಲಿಲ್ಲ. ಅದು ಹೆಣ್ಣಿನ ಅಪ್ಪನಿಗೆ ಸಮಾಧಾನ ಕೊಟ್ಟಿತು. ಕೂಗಾಡಿದ್ದಕ್ಕೆ ಬೀಗರ ಕೈ ಹಿಡಿದು ಬೇಸರ ಹೇಳಿಕೊಂಡರು. ಸಂಕ್ರಾಂತಿಗೆ ಎಳ್ಳು ಬೆಲ್ಲ ಬಂತು.

ಈ ಎರಡನೆಯ ಜಗಳವನ್ನೇ ನಾನು ಪ್ರಕರಣದ ಮುಖ್ಯ ಭಾಗ ಅಂತ ಎಣಿಸುತ್ತೇನೆ. ಸಿನಿಮಾ ನೋಡಿದ ದಿನ ನಾನು ಕೂರಿಸಿ ಮಾತಾಡಿಸಿದ್ದೆ. ಈ ಸಲ ಅವರೇ ಜಗಳ ಆಡಿದರು, ಅವರೇ ಅದರೊಳಗಿನ ವಿಷಯ ಹೊರಗೆ ತಂದರು.

ಈಗ ಎಲ್ಲಿದೆ

ಮದುವೆಯನ್ನು ಮಾಘದಿಂದ ವೈಶಾಖಕ್ಕೆ ಹಾಕಿದರು. ಛತ್ರದವರು ಮುಂಗಡವನ್ನು ಹೊಸ ದಿನಾಂಕಕ್ಕೆ ಹೊಂದಿಸಿಕೊಂಡರು. ಹೆಣ್ಣಿನ ಅಪ್ಪ ಛತ್ರದ ಖರ್ಚು ಕಡಿಮೆ ಮಾಡಿ, ಊಟದ ಎಲೆ ಕಡಿಮೆ ಮಾಡಿ, ಆ ದುಡ್ಡನ್ನು ಮಕ್ಕಳ ಮನೆ ಮುಂಗಡಕ್ಕೆ ಕೊಡುತ್ತೇನೆ ಅಂದರು. ಹುಡುಗ ಬೇಡ ಅಂದ. ಇದರ ಬಗ್ಗೆ ಇನ್ನೂ ಮಾತುಕತೆ ನಡೆದಿದೆ. ನನ್ನ ಸಲಹೆ, ಖರ್ಚು ಖಂಡಿತ ಕಡಿಮೆ ಮಾಡಿ, ಆದರೆ ಮುಂಗಡವನ್ನು ಹುಡುಗ ಹುಡುಗಿ ಇಬ್ಬರೂ ತಮ್ಮ ಸಂಬಳದಲ್ಲಿ ಕೂಡಿಸಲಿ ಅಂತ. ಹೆಣ್ಣಿನ ಮನೆಯಿಂದ ಹೋದ ದುಡ್ಡು ಎಷ್ಟೇ ಪ್ರೀತಿಯದಾದರೂ ಮುಂದೆ ಯಾರಾದರೂ ಲೆಕ್ಕ ಹೇಳುತ್ತಾರೆ. ಹುಡುಗ ತುಮಕೂರಿನಿಂದ ದಿನಾ ಬೆಂಗಳೂರಿಗೆ ರೈಲಿನಲ್ಲಿ ಓಡಾಡಲು ಒಪ್ಪಿದ್ದಾನೆ. ಸುಮಾರು 70 ಕಿಲೋಮೀಟರ್ ದಾರಿ. ಈ ಊರಿನಲ್ಲಿ ಹಾಗೆ ಓಡಾಡುವವರಿಗೆ ಬರವಿಲ್ಲ. ರೂಮಿನ ಬಾಡಿಗೆ ಉಳಿಯುತ್ತದೆ. ಹಬ್ಬ, ಶನಿವಾರ, ಭಾನುವಾರ ತಿಪಟೂರು.

ಹುಡುಗನ ಅಮ್ಮನಿಗೆ ಪೂರ್ತಿ ಸಮಾಧಾನ ಇಲ್ಲ. ಸೊಸೆ ಮನೆಯಲ್ಲಿ ಓಡಾಡಿಕೊಂಡಿರಬೇಕು ಅನ್ನುವ ಅವರ ಆಸೆ ಹಾಗೇ ಉಳಿದಿದೆ. ಅದನ್ನು ಯಾರೂ ತಪ್ಪು ಅನ್ನಬಾರದು ಅಂತ ಹುಡುಗಿಗೆ ಹೇಳಿದ್ದೇನೆ. ಬೇಸಿಗೆ ರಜೆಯಲ್ಲಿ ಪುಸ್ತಕ ತಗೊಂಡು ತೋಟದ ಮನೆಯಲ್ಲೇ ಕೂತು ಓದುತ್ತೇನೆ ಅಂತ ಅವಳಾಗಿಯೇ ಅತ್ತೆಗೆ ಹೇಳಿದಳಂತೆ. ಅತ್ತೆ, "ಓದೋ ಹೊತ್ತಲ್ಲಿ ನಾನು ಕರಿಯಲ್ಲ" ಅಂದರಂತೆ.

ಇಬ್ಬರ ಜಗಳ ನಿಂತಿಲ್ಲ. ಮೊನ್ನೆ ಮದುವೆ ಕರೆಯೋಲೆಯಲ್ಲಿ ಯಾರ ಹೆಸರು ಮೊದಲು, ಯಾವ ಫೋಟೋ ಅಂತ ಜಗಳವಾಡಿಕೊಂಡು ನನಗೆ ಫೋನ್ ಮಾಡಿದರು, ಇಬ್ಬರೂ ಒಟ್ಟಿಗೆ, ಸ್ಪೀಕರ್ ಹಾಕಿಕೊಂಡು. ಇದಕ್ಕೆ ನನ್ನನ್ನು ಕೇಳಬೇಡಿ, ನೀವೇ ತೀರ್ಮಾನ ಮಾಡಿ ಅಂದೆ. ಪ್ರಿಲಿಮ್ಸ್ ಫಲಿತಾಂಶ ಬಂದ ಮೇಲೆ, ಪಾಸಾದರೂ ಫೇಲಾದರೂ, ಇಬ್ಬರೂ ಬಂದು ನೋಡಬೇಕು ಅಂತ ಹೇಳಿದ್ದೇನೆ. ಮುಖ್ಯ ಪರೀಕ್ಷೆಯ ತಿಂಗಳುಗಳಲ್ಲಿ ಮನೆಗೆಲಸ ಯಾರು ಮಾಡುವುದು, ಸಾಲದ ಕಂತು ಹೇಗೆ, ಅವಳಿಗೆ ಬೇರೆ ಊರಿಗೆ ಪೋಸ್ಟಿಂಗ್ ಆದರೆ ಏನು, ಈ ಮೂರು ವಿಷಯ ಇನ್ನೂ ಕೂತು ಮಾತಾಡುವುದಿದೆ.